ಎಂಟು ಹಾಕಿದರೆ ಸಾಕೇ?

ಬೈಕು ಕಲಿಸುವುದು ನಮ್ಮಲ್ಲಿ ಒಂದು ವಿದ್ಯೆ ಅಂತ ಯಾರಿಗೂ ಅನ್ನಿಸಿಲ್ಲ. ಅಣ್ಣನೋ, ಭಾವನೋ, ಓಣಿಯ ಗೆಳೆಯನೋ ಒಂದು ಸಂಜೆ ಮೈದಾನಕ್ಕೆ ಕರೆದುಕೊಂಡು ಹೋಗಿ ಕ್ಲಚ್ಚು, ಗೇರು, ಬ್ರೇಕು ತೋರಿಸುತ್ತಾರೆ. ‘ಸೈಕಲ್ ಬರುತ್ತಲ್ವಾ? ಹಂಗಾದ್ರೆ ಬೈಕೂ ಬಂದಂಗೇ’ ಎನ್ನುತ್ತಾರೆ. ಮೂವತ್ತು ದಾಟಿದ ಮೇಲೆ ಕಲಿಯಲು ಹೊರಟ ನನಗೂ ಸಿಕ್ಕ ಪಾಠ ಇಷ್ಟೇ. ಆ ಮಾತನ್ನು ನಾನು ನಂಬಿದ್ದೆ. ನೀವು ನಂಬಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೈಸೆನ್ಸ್ ಕೈಗೆ ಬಂದ ಮೂರನೆಯ ವಾರ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಎಡಕ್ಕೆ ಹೊರಳುವ ಒಂದು ಉದ್ದನೆಯ ತಿರುವಿನಲ್ಲಿ ವೇಗ 40ರ ಆಸುಪಾಸು ಇತ್ತು. ಬೈಕು ಮೆಲ್ಲಗೆ ರಸ್ತೆಯ ನಡುವಿನತ್ತ ಸರಿಯತೊಡಗಿತು. ಎದುರಿಗೆ ಲಾರಿಯೊಂದು ಏರಿ ಬರುತ್ತಿತ್ತು. ಎಡಕ್ಕೆ ಹೋಗಬೇಕು ಎನ್ನುವುದೊಂದೇ ತಲೆಯಲ್ಲಿ. ಹ್ಯಾಂಡಲನ್ನು ಎಡಕ್ಕೆ ಎಳೆದೆ. ಬೈಕು ಬಲಕ್ಕೆ, ನೇರ ಲಾರಿಯ ಕಡೆಗೇ ವಾಲಿತು. ಲಾರಿಯವನು ರಸ್ತೆಯಂಚಿಗೆ ಇಳಿಸಿ ಜಾಗ ಬಿಟ್ಟಿದ್ದರಿಂದ ನಾನು ಉಳಿದೆ.

ಮನೆಗೆ ಬಂದು ಹೇಳಿದರೆ, ‘ಹೆದರಿಬಿಟ್ಟೆ, ಅದಕ್ಕೇ ಹಂಗಾಯ್ತು’ ಎಂದರು. ಹೆದರಿದ್ದು ನಿಜ. ಆದರೆ ಎಡಕ್ಕೆ ತಿರುಗಿಸಿದ ಬೈಕು ಬಲಕ್ಕೆ ಯಾಕೆ ಹೋಯಿತು ಎಂಬುದಕ್ಕೆ ಹೆದರಿಕೆ ಉತ್ತರವಾಗುವುದಿಲ್ಲ.

ಉತ್ತರ ಹುಡುಕಿಕೊಂಡು ಓದಿದೆ. ಎರಡು ಚಕ್ರದ ಗಾಡಿ ತಿರುಗಬೇಕಾದರೆ ಮೊದಲು ಆ ಕಡೆಗೆ ವಾಲಬೇಕು. ವಾಲಿಸುವುದು ಹೇಗೆ? ಅಂಗೈ ಮೇಲೆ ಒಂದು ಕೋಲು ನಿಲ್ಲಿಸಿ ನೋಡಿ. ಕೋಲು ಎಡಕ್ಕೆ ವಾಲಬೇಕೆಂದರೆ ಅಂಗೈಯನ್ನು ಬಲಕ್ಕೆ ಸರಿಸಬೇಕು. ಬೈಕಿಗೆ ಟೈರೇ ಆ ಅಂಗೈ. ಹ್ಯಾಂಡಲಿನ ಎಡಗಡೆಯ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಮುಂದಿನ ಚಕ್ರ ಒಂದು ಕ್ಷಣ ಬಲಕ್ಕೆ ಹೊರಳುತ್ತದೆ. ಟೈರು ಬಲಕ್ಕೆ ಸರಿದು ಮೇಲಿನ ಭಾರ ಎಡಕ್ಕೆ ವಾಲುತ್ತದೆ. ವಾಲಿದ ಬೈಕು ಎಡಕ್ಕೆ ತಿರುಗುತ್ತದೆ. ಇದಕ್ಕೆ ಕೌಂಟರ್ ಸ್ಟಿಯರಿಂಗ್ ಎಂದು ಹೆಸರು. ಎಡಕ್ಕೆ ಹೋಗಬೇಕಾ, ಎಡಗೈ ತಳ್ಳು. ಬಲಕ್ಕಾದರೆ ಬಲಗೈ. ಒಂದು ಉಸಿರಿನಲ್ಲಿ ಹೇಳಬಹುದಾದ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಹೇಳಲಿಲ್ಲ ಎನ್ನುವುದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಲೈಸೆನ್ಸ್ ಪರೀಕ್ಷೆಯಲ್ಲಿ ನಾವೆಲ್ಲ ‘ಎಂಟು ಹಾಕುತ್ತೇವೆ’. ಕಾಲು ನೆಲಕ್ಕೆ ತಾಗಿಸದೆ 8ರ ಆಕಾರದಲ್ಲಿ ಸುತ್ತಬೇಕು. ಅದು ಹೆಚ್ಚುಕಡಿಮೆ ನಡಿಗೆಯ ವೇಗ. ಆ ವೇಗದಲ್ಲಿ ಹ್ಯಾಂಡಲನ್ನು ಹೋಗಬೇಕಾದ ಕಡೆಗೇ ತಿರುಗಿಸಿಕೊಂಡು ಹೋದರೆ ಆಯಿತು. ಗಂಟೆಗೆ 20-25 ಕಿಲೋಮೀಟರ್ ದಾಟಿದ ಮೇಲೆ ಕೈ ಮಾಡಬೇಕಾದ್ದು ಬೇರೆ. ಎಂಟು ಹಾಕುವುದು ದಂಡ ಎನ್ನುತ್ತಿಲ್ಲ. ಟ್ರಾಫಿಕ್ಕಿನಲ್ಲಿ ಬೇಕಾಗುವ ಸಮತೋಲನ ಅದರಿಂದಲೇ ಬರುತ್ತದೆ. ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನಾನು ಗಟ್ಟಿ ಮಾಡಿಕೊಂಡ ಪಾಠವೇ ಘಾಟಿಯಲ್ಲಿ ನನ್ನನ್ನು ಲಾರಿಯತ್ತ ಒಯ್ದದ್ದು.

ಬೈಕು ಓಡಿಸಿ ಪಳಗಿದವರಿಗೆ ಇದನ್ನು ಹೇಳಿದರೆ ನಗುತ್ತಾರೆ. ‘ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ, ಇವೆಲ್ಲ ತಾನಾಗೇ ಬರುತ್ತೆ. ವ್ಯಾಕರಣ ಓದಿ ಯಾರಾದ್ರೂ ಮಾತು ಕಲೀತಾರಾ?’ ಒಳ್ಳೆಯ ಪ್ರಶ್ನೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೈಕನ್ನು ತಿರುಗಿಸಬಲ್ಲವರೆಲ್ಲ ಗೊತ್ತಿಲ್ಲದೆಯೇ ಇದನ್ನು ಮಾಡುತ್ತಿರುತ್ತಾರೆ. ವಿಮಾನ ಹಾರಿಸುವ ಮೊದಲು ತಮ್ಮನ ಜೊತೆ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಕೂಡ ಇದನ್ನು ಗಮನಿಸಿದ್ದ. ಸೈಕಲನ್ನು ಹೇಗೆ ತಿರುಗಿಸುತ್ತೀರಿ ಎಂದು ಎಷ್ಟೋ ಜನ ಸವಾರರನ್ನು ಕೇಳಿದರೆ ಸರಿಯಾಗಿ ಹೇಳಬಲ್ಲವರು ಅವನಿಗೆ ಸಿಗಲಿಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

ಆದರೆ ಮಾತಿನಲ್ಲಿ ತಪ್ಪಿದರೆ ಕೇಳಿದವರು ನಗುತ್ತಾರೆ ಅಷ್ಟೇ. ತಿರುವಿನಲ್ಲಿ ತಪ್ಪಿದರೆ? ನಿಶ್ಚಿಂತೆಯಿಂದ ಹೋಗುವಾಗ ಕೈ ತನ್ನಷ್ಟಕ್ಕೆ ಸರಿಯಾದದ್ದನ್ನು ಮಾಡುತ್ತದೆ. ಭಯ ಬಂದ ಕ್ಷಣ ಬುದ್ಧಿ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತದೆ, ಬುದ್ಧಿಗೆ ಗೊತ್ತಿರುವುದು ತಪ್ಪು ಪಾಠ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಹೆಚ್ಚಿನವರು ಹಿಂದಿನ ಬ್ರೇಕು ಒತ್ತಿ ಜಾರಿದ್ದರು. ಹ್ಯಾಂಡಲ್ ತಳ್ಳಿ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಸಾಮರ್ಥ್ಯ ಅವರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ತಾನಾಗೇ ಬರುತ್ತದೆ ಎಂದುಕೊಂಡದ್ದು ಬೇಕಾದಾಗ ಬರಲಿಲ್ಲ.

‘ಹೇಳಿದ್ರೆ ಹೊಸಬರಿಗೆ ಗಲಿಬಿಲಿ ಆಗುತ್ತೆ’ ಎನ್ನುವವರೂ ಇದ್ದಾರೆ. ಆಗಲಿ. ಗಲಿಬಿಲಿ ಖಾಲಿ ಮೈದಾನದಲ್ಲಿ ಆಗುವುದು ಒಳ್ಳೆಯದೋ, ಘಾಟಿಯಲ್ಲಿ ಆಗುವುದೋ? ನನಗೂ ಮೊದಲ ದಿನ ವಿಚಿತ್ರ ಅನ್ನಿಸಿತು. 30ರ ವೇಗದಲ್ಲಿ ನೇರ ಹೋಗುತ್ತಾ, ತೋಳು ಸಡಿಲ ಬಿಟ್ಟು, ಎಡಗೈಯನ್ನು ಹಗುರವಾಗಿ ಮುಂದಕ್ಕೆ ಒತ್ತಿದೆ. ಬೈಕು ಹೇಳಿದ ಮಾತು ಕೇಳುವ ಎತ್ತಿನಂತೆ ಎಡಕ್ಕೆ ಬಾಗಿತು. ಬಲಗೈ ಒತ್ತಿದೆ, ಬಲಕ್ಕೆ ಬಂತು. ನಾಲ್ಕು ಭಾನುವಾರ ಹೀಗೇ ಮಾಡಿದೆ. ಕೈಗೆ ಗೊತ್ತಿದ್ದದ್ದು ತಲೆಗೂ ಗೊತ್ತಾಯಿತು.

ಹಾಗಾಗಿ ಬೈಕು ಕಲಿಸುವ ಅಣ್ಣಂದಿರಿಗೆ, ಭಾವಂದಿರಿಗೆ ನನ್ನದೊಂದು ತಕರಾರು. ನಿಮಗೆ ಬರುತ್ತದೆ ಎಂದ ಮಾತ್ರಕ್ಕೆ ಕಲಿಸಲು ಬರುತ್ತದೆ ಎಂದುಕೊಳ್ಳಬೇಡಿ. ಕ್ಲಚ್ಚು, ಗೇರು ತೋರಿಸಿದ ಮೇಲೆ ಇನ್ನೊಂದು ಸಂಜೆ ಕೊಡಿ. ಪಕ್ಕದ ಮನೆಯ ಹುಡುಗಿ ಮೊನ್ನೆ ಎಂಟು ಹಾಕಿ ಪಾಸಾಗಿ ಪೇಡ ತಂದುಕೊಟ್ಟಳು. ಪೇಡ ತಿಂದು, ಈ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಾ ಎಂದಿದ್ದೇನೆ.