ಹೆಗಲ ಮೇಲೆ ಹಸಿರು ಟವೆಲ್, ಕೈಯಾಗ ಕಾಗದ!



ಹಿಂದಿನ ತಿಂಗಳು ನಮ್ಮ ತಾಲ್ಲೂಕಿನ ಸಭೆ ಆಯಿತು. ಹತ್ತಿಯ ಬೆಲೆ ಬಿದ್ದ ಬಗ್ಗೆ ಮೂರು ತಾಸು ಭಾಷಣ. ನಾನೂ ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಆಮೇಲೆ ಊಟ. ಕಾಗದದ ತಟ್ಟೆಯಲ್ಲಿ ಉಂಡೆವು, ಕಾಗದದ ಕಪ್ಪಿನಲ್ಲಿ ಚಹಾ ಕುಡಿದೆವು, ತೆಳ್ಳನೆಯ ಬಿಳಿ ಟಿಶ್ಯೂ ಕಾಗದದಿಂದ ಕೈ ಬಾಯಿ ಒರೆಸಿ ಬಿಸಾಕಿದೆವು. ಹೆಗಲ ಮೇಲಿನ ಹಸಿರು ಟವೆಲ್ ಹೆಗಲ ಮೇಲೇ ಇತ್ತು!

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ನೋಡಿ ನಕ್ಕರು. "ಏನೋ ತಮ್ಮಾ, ನಮ್ಮ ಹತ್ತಿ ನಮಗ ಬ್ಯಾಡಾದ ಮ್ಯಾಲೆ ಮಂದಿಗೆ ಯಾಕ ಬೇಕಾಗತೈತಿ?" ಎಂದರು. ಮೂರು ತಾಸು ಮಾತಾಡಿದ ನಮ್ಮಲ್ಲಿ ಒಬ್ಬನಿಗೂ ಉತ್ತರ ಹೊಳೆಯಲಿಲ್ಲ. ಅವತ್ತು ಹೇಳಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಅರಿವಿ ಎಂದರೆ ಏನಿತ್ತು, ನೆನಪು ಮಾಡಿಕೊಳ್ಳಿ. ಹೊಲಕ್ಕೆ ಬುತ್ತಿ ಹೋಗುತ್ತಿದ್ದುದು ಪಾವಡದಲ್ಲಿ. ಸಂತೆಗೆ ಹೊರಟರೆ ಕೈಯಲ್ಲಿ ಬಟ್ಟೆಯ ಚೀಲ. ಅಪ್ಪನ ದೋತರ ಹರಿದರೆ ಅದು ಕೂಸಿನ ಕೆಳಗೆ ಹಾಸುವ ಅರಿವಿಯಾಗುತ್ತಿತ್ತು. ಅವ್ವನ ಸೀರೆ ಹರಿದರೆ ಕೌದಿ. ಕೌದಿ ಹರಿದರೆ ಒಲೆಯ ಮೇಲಿನ ಗಡಿಗೆ ಇಳಿಸುವ ಮಸಿಅರಿವಿ. ಕಡೆಗೆ ಅದು ತಿಪ್ಪೆಗೆ ಬಿದ್ದು ಗೊಬ್ಬರವಾಗಿ ಹೊಲಕ್ಕೇ ಹೋಗುತ್ತಿತ್ತು. ಇದನ್ನು ಯಾರೂ ನಮಗೆ ಪರಿಸರದ ಪಾಠ ಮಾಡಿ ಕಲಿಸಲಿಲ್ಲ. ಬಡತನ ಕಲಿಸಿತು, ಬುದ್ಧಿ ಉಳಿಸಿಕೊಂಡಿತ್ತು.

ಈಗ ಬುತ್ತಿಯ ರೊಟ್ಟಿಗೂ ಅಂಗಡಿಯ ಕಾಗದ. ಕೈ ಒರೆಸಲು ಕಾಗದ. ಮದುವೆಯ ಟೇಬಲ್ಲಿನ ಮೇಲೆ ಹಾಸಲು ಸುರುಳಿ ಕಾಗದ. ಕೂಸಿಗೆ ಡೈಪರ್. ಒಂದು ಸಲ ಬಳಸು, ಬಿಸಾಕು, ಮತ್ತೆ ಕೊಳ್ಳು. ಬೀಜ, ಗೊಬ್ಬರ, ಔಷಧದಲ್ಲಿ ಕಂಪನಿಯವರು ನಮಗೆ ಕಲಿಸಿದ ಚಟವೇ ಇದು. ಈಗ ಅಡುಗೆಮನೆಗೂ ಬಂದಿದೆ.

ಲೆಕ್ಕ ಹೇಳುತ್ತೇನೆ. ಊರವರ ಲೆಕ್ಕ ಬೇಡ, ನನ್ನದೇ ಹೇಳುತ್ತೇನೆ. ಹೋದ ವರ್ಷ ಮಗಳ ಮದುವೆ ಮಾಡಿದೆ. ಕಾಗದದ ತಟ್ಟೆಗೆ 8,000 ರೂಪಾಯಿ, ಕಪ್ಪಿಗೆ 3,000, ಟೇಬಲ್ ಸುರುಳಿಗೆ 1,500, ಟಿಶ್ಯೂಗೆ 900. ಒಟ್ಟು 13,400. ಮದುವೆಯ ಹಣ ತಂದದ್ದು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ. ಅಂದರೆ ಆ ಕಾಗದದ ಬಡ್ಡಿಯೇ ತಿಂಗಳಿಗೆ 402, ವರ್ಷಕ್ಕೆ 4,824. ಒಂದೇ ದಿನದಲ್ಲಿ ತಿಪ್ಪೆ ಸೇರಿದ ವಸ್ತುವಿಗೆ ನಾನು ವರ್ಷಪೂರ್ತಿ ಬಡ್ಡಿ ಕಟ್ಟಿದ್ದೇನೆ! ಇನ್ನು ಮೊಮ್ಮಗನಿಗೆ ದಿನಕ್ಕೆ ಎರಡು ಡೈಪರ್. ಹತ್ತು ರೂಪಾಯಿಗೆ ಒಂದು. ವರ್ಷಕ್ಕೆ 7,300. ಎರಡು ವರ್ಷ ಹಿಡಿದರೆ ಹೆಚ್ಚುಕಡಿಮೆ ಎರಡು ಕ್ವಿಂಟಲ್ ಹತ್ತಿಯ ಬೆಂಬಲ ಬೆಲೆ. ನನ್ನ ಹಳೆಯ ದೋತರಗಳು ಟ್ರಂಕಿನಲ್ಲಿ ನುಸಿ ತಿನ್ನುತ್ತಿದ್ದವು.

ಕಾಗದ ಎಲ್ಲಿಂದ ಬರುತ್ತದೆ ಎನ್ನುವುದು ರೈತ ಚಳವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮರದ ತಿರುಳಿನಿಂದ. ಗಿರಣಿಗಳ ಹೊಟ್ಟೆ ತುಂಬಿಸಲು ನಮ್ಮ ಕಾಡಿನ ಬಿದಿರು ಬಿಡಿಗಾಸಿನ ದರಕ್ಕೆ ಹೋಯಿತು. ಬುಟ್ಟಿ ಹೆಣೆಯುವವರಿಗೆ ಬಿದಿರು ಸಿಗಲಿಲ್ಲ. ಆಮೇಲೆ ನೀಲಗಿರಿ ಬಂತು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನಡೆದು ಹೋಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿ ಹಳ್ಳಿಗಳ ಗೋಮಾಳ, ಬೆಟ್ಟಭೂಮಿಯನ್ನು ನೀಲಗಿರಿಗೆ ಕೊಡಹೊರಟಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ಜನ ಅದೇ ಸಸಿ ಕಿತ್ತು, ತಮಗೆ ಬೇಕಾದ ಮರ ನೆಟ್ಟು ಸತ್ಯಾಗ್ರಹ ಮಾಡಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಅದು ಕಾಗದಕ್ಕಲ್ಲ, ರೇಯಾನ್ ನೂಲಿಗೆ ಬೇಕಾದ ತಿರುಳು ಎಂದು ಯಾರಾದರೂ ತಿದ್ದಬಹುದು. ನಿಜ. ಆದರೆ ದನ ಮೇಯುವ ಭೂಮಿ ಯಾವ ತಿರುಳಿಗೆ ಹೋದರೂ ಹೋದದ್ದು ನಮ್ಮದೇ. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಬಯಲುಸೀಮೆಯ ಎಷ್ಟು ಬಾವಿ ಬತ್ತಿದ್ದವು ಎಂದು ಕೋಲಾರದವರನ್ನು ಕೇಳಿ. ಆವತ್ತು ಸಸಿ ಕಿತ್ತವರ ಮಕ್ಕಳು ನಾವು, ಇವತ್ತು ತಿರುಳನ್ನು ಕಟ್ಟುಕಟ್ಟಲೆ ಕೊಂಡು ತರುತ್ತಿದ್ದೇವೆ.

"ಪ್ಲಾಸ್ಟಿಕ್ ನಿಷೇಧ ಆಗೈತಿ, ಕಾಗದ ಒಳ್ಳೇದಲ್ಲೇನ್ರೀ?" ಎನ್ನುವವರಿದ್ದಾರೆ. ಪ್ಲಾಸ್ಟಿಕ್ ಚೀಲ, ತಟ್ಟೆಗಳನ್ನು ರಾಜ್ಯ 2016ರಲ್ಲಿ ನಿಷೇಧಿಸಿತು, ಒಂದೇ ಸಲ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶ 2022ರ ಜುಲೈನಿಂದ ನಿಷೇಧಿಸಿತು. ಪೇಟೆಯವರು ಆ ಜಾಗಕ್ಕೆ ಕಾಗದ ತಂದಿಟ್ಟರು. ಆದರೆ ಬರೀ ಕಾಗದದಲ್ಲಿ ಚಹಾ ನಿಲ್ಲುತ್ತದೆಯೇ? ಕಪ್ಪಿನ ಒಳಮೈಗೆ ತೆಳು ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ. 2020ರಲ್ಲಿ ಖರಗಪುರದ ಐ.ಐ.ಟಿ. ಸಂಶೋಧಕರು ಅಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟು ನೋಡಿದರು. ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ನೀರಿಗೆ ಬಿಟ್ಟಿತ್ತು. ಡೈಪರಿನದೂ ಅದೇ ಕತೆ, ಒಳಗೆ ಮರದ ತಿರುಳು, ಹೊರಗೆ ಪ್ಲಾಸ್ಟಿಕ್. ತಿಪ್ಪೆಗೆ ಹಾಕಿದರೆ ಕೊಳೆಯದು, ಸುಟ್ಟರೆ ಹೊಗೆ, ದನ ತಿಂದರೆ ದನಕ್ಕೆ ಕೇಡು.

ಈಗ ಹತ್ತಿಯ ಮಾತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡಿಗೆ ಎದೆಕೊಟ್ಟವರು ಹತ್ತಿ ಬೆಳೆದವರೇ. ವರಲಕ್ಷ್ಮಿ ಬೆಳೆಯಿರಿ, ಬಂಗಾರ ಬೆಳೆದಂತೆ ಎಂದರು. ಬೆಳೆದ ಮೇಲೆ ಬೆಲೆ ಬಿತ್ತು, ಮೇಲೆ ಅಭಿವೃದ್ಧಿ ಕರ ಹೇರಿದರು. ಇವತ್ತು ಏನು ಬದಲಾಗಿದೆ? 2025-26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 7,710, ಉದ್ದ ಎಳೆಗೆ 8,110 ಎಂದು ಘೋಷಿಸಿದರು. ಅದೇ ವರ್ಷದ ಆಗಸ್ಟ್ 19ರಿಂದ ಹತ್ತಿ ಆಮದಿನ ಮೇಲಿದ್ದ ಶೇಕಡಾ 11ರ ಸುಂಕ ತೆಗೆದರು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ಆಮೇಲೆ ಡಿಸೆಂಬರ್ 31ರವರೆಗೆ ಎಳೆದರು. ನಮ್ಮ ಹತ್ತಿ ಬಿಡಿಸುವ ಹೊತ್ತಿಗೆ ಸರಿಯಾಗಿ! ಖರೀದಿ ಕೇಂದ್ರಕ್ಕೆ ಹೋದರೆ ತೇವಾಂಶ ಶೇಕಡಾ 12 ದಾಟಿದೆ ಎಂದು ಗಾಡಿ ವಾಪಸ್ಸು. ರಾಷ್ಟ್ರಧ್ವಜಕ್ಕೂ 2021ರ ಡಿಸೆಂಬರಿನಲ್ಲಿ ನಿಯಮ ತಿದ್ದಿ ಪಾಲಿಯೆಸ್ಟರ್ ಬಿಟ್ಟುಕೊಂಡರು. ಖಾದಿಯ ಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯವರ ಹೊಟ್ಟೆಯ ಮೇಲೆ ಹೊಡೆದರು.

"ಹಂಗಾದ್ರ ನಾವು ಟವೆಲ್ಲಿನಾಗ ಕೈ ಒರೆಸಿದ್ರ ಹತ್ತಿ ರೇಟು ಏರತೈತೇನು?" ಎಂದು ಕೇಳುತ್ತೀರಿ. ಏರುವುದಿಲ್ಲ. ನಾನು ಸುಳ್ಳು ಹೇಳುವುದಿಲ್ಲ. ಒಂದು ಕ್ವಿಂಟಲ್ ಹತ್ತಿಯಲ್ಲಿ 33-34 ಕಿಲೋ ಅರಳೆ ಬರುತ್ತದೆ, ಅದರಲ್ಲಿ ಒಂದು ಊರಿನ ಮನೆಗಳಿಗೆಲ್ಲ ಟವೆಲ್ ಆದೀತು. ಅಷ್ಟರಿಂದ ಪೇಟೆ ಅಲ್ಲಾಡುವುದಿಲ್ಲ. ಬೆಲೆ ನಿರ್ಧಾರವಾಗುವುದು ದೆಹಲಿಯಲ್ಲಿ, ಅಲ್ಲಿಗೆ ಹೋರಾಟವೇ ಬೇಕು. ಆದರೆ ಒಂದು ಮಾತು. ದಲಾಲಿ ಅಂಗಡಿಯ ಮುಂಗಡ ತಿಂದವನು ಹತ್ತಿ ಬಿಡಿಸಿದ ವಾರವೇ ಮಾರಬೇಕು. ಸಾಲ ಕಡಿಮೆ ಇದ್ದವನು ಮನೆಯಲ್ಲಿ ಒಟ್ಟಿಕೊಂಡು, ಒಣಗಿಸಿ, ನಾಲ್ಕು ವಾರ ಕಾಯಬಲ್ಲ. ಬಿಸಾಕುವ ವಸ್ತುವಿಗೆ ಮಾಡುವ ಖರ್ಚು ನಮ್ಮ ಕಾಯುವ ಶಕ್ತಿಯನ್ನೇ ತಿನ್ನುತ್ತದೆ.

ಇನ್ನೊಂದು ಆಕ್ಷೇಪ ನಮ್ಮ ಮನೆಯಿಂದಲೇ ಬಂತು. ಇದನ್ನು ಓದಿ ಹೇಳಿದಾಗ ಮನೆಯವಳು ಅಂದಳು: "ಬರಿಯೋರು ನೀವು, ಒಗಿಯೋರು ನಾವು." ಅವಳ ಮಾತು ಸತ್ಯ. ಅರಿವಿ ಮತ್ತೆ ಬರಲಿ ಎಂದು ಗಂಡಸರು ಭಾಷಣ ಮಾಡಿ, ಬಕೆಟ್ಟನ್ನು ಹೆಣ್ಣುಮಕ್ಕಳ ಮುಂದೆ ಇಟ್ಟರೆ ಅದು ಚಳವಳಿ ಅಲ್ಲ, ಜುಲುಮೆ. ಹೊಲದಲ್ಲಿ ಹತ್ತಿ ಬಿಡಿಸುವವರೂ ಅವರೇ. ಆದ್ದರಿಂದ ನನ್ನ ಟವೆಲ್, ನನ್ನ ಬುತ್ತಿಯ ಪಾವಡ ಈಗ ನಾನೇ ಒಗೆಯುತ್ತೇನೆ. ಮೊಮ್ಮಗನ ಅರಿವಿ ಅವನಪ್ಪ ಒಗೆಯುತ್ತಾನೆ. ಊರಿಗೆ ಹೋಗುವಾಗ ಒಂದು ಡೈಪರ್ ಕಟ್ಟಿದರೆ ಕಟ್ಟಲಿ, ಅದಕ್ಕೆ ನಾನು ಜಗಳ ತೆಗೆಯುವುದಿಲ್ಲ. ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ ಏನು ಬಳಸಬೇಕೆಂಬುದು ಅವರ ತೀರ್ಮಾನ. ಅರಿವಿ ಬಳಸುವವರು ಅದನ್ನು ಸಾಬೂನಿನಲ್ಲಿ ತೊಳೆದು, ನಾಚಿಕೆಗೆ ಮೂಲೆಯಲ್ಲಿ ಮುಚ್ಚಿಡದೆ ಬಿಸಿಲಿಗೆ ಒಣಹಾಕುವಷ್ಟು ಸ್ವಾತಂತ್ರ್ಯ ಮನೆಯಲ್ಲಿ ಇರಬೇಕು. ಅದನ್ನು ಕೊಡುವುದು ನಮ್ಮ ಕೆಲಸ.

ಇನ್ನು ಮಾನ ಮರ್ಯಾದೆಯ ಮಾತು. "ಬೀಗರು ಏನಂದಾರು?" ಎಂಬ ಒಂದೇ ಅಂಜಿಕೆಗೆ ನಾನು ಆ 13,400 ಕೊಟ್ಟೆ. ಬೀಗರು ಏನೂ ಅನ್ನಲಿಲ್ಲ. ಯಾವ ಕಾಗದದಲ್ಲಿ ಕೈ ಒರೆಸಿದೆವೆಂದು ಅವರಿಗೆ ನೆನಪೂ ಇಲ್ಲ. ನೆನಪಿರುವುದು ಸಾಲ ಕೊಟ್ಟವನಿಗೆ ಮಾತ್ರ.

ಆದ್ದರಿಂದ ನನ್ನ ಸೂಚನೆ ಇಷ್ಟು. ಸಭೆಗೆ ಬರುವವರು ಅವರವರ ಲೋಟ ತರಲಿ, ಊಟ ಮುತ್ತಲದ ಪತ್ರಾವಳಿಯಲ್ಲೋ ಬಾಳೆಎಲೆಯಲ್ಲೋ ಆಗಲಿ, ಕೈ ಹೆಗಲ ಟವೆಲ್ಲಿನಲ್ಲಿ ಒರೆಸಲಿ. ಪ್ರತಿ ಊರಿನ ಘಟಕ ಸ್ಟೀಲಿನ ತಾಟು, ಲೋಟ, ಟೇಬಲ್ಲಿಗೆ ಹಾಸುವ ಬಟ್ಟೆ ಕೊಂಡು ಗುಡಿಯಲ್ಲೋ ಸಮುದಾಯ ಭವನದಲ್ಲೋ ಇಡಲಿ, ಮದುವೆ ಮುಂಜಿಗೆ ಕೊಡಲಿ. ಟವೆಲ್, ಬಟ್ಟೆ ಬೇಕಾದರೆ ಹತ್ತಿರದ ನೇಕಾರರ ಹತ್ತಿರ ಕೊಳ್ಳೋಣ. ಅವರೂ ನಮ್ಮಂತೆಯೇ ಸಾಲದಲ್ಲಿದ್ದಾರೆ. ಸರ್ಕಾರಕ್ಕೆ ನಮ್ಮ ಬೇಡಿಕೆ ಹಳೆಯದೇ: ನಮ್ಮ ಸುಗ್ಗಿಯಲ್ಲಿ ಆಮದಿಗೆ ಬಾಗಿಲು ತೆಗೆಯಬೇಡಿ, ಬೆಂಬಲ ಬೆಲೆಗೆ ಖರೀದಿ ಮಾಡಿ.

ಈ ಬೇಡಿಕೆ ಇಟ್ಟು ಮುಂದಿನ ಸಲ ರಸ್ತೆಗೆ ಇಳಿದಾಗ ಅಧಿಕಾರಿಯೊಬ್ಬ ನಮ್ಮನ್ನು ನೋಡಿ, "ನೀವೇ ಹತ್ತಿ ಬಳಸೋದಿಲ್ಲವಲ್ಲ" ಎಂದು ನಗದಂತೆ ಇರಬೇಕು. ಮುಂದಿನ ತಾಲ್ಲೂಕು ಸಭೆಗೆ ನನ್ನ ಲೋಟ ನನ್ನ ಚೀಲದಲ್ಲಿ ಇರುತ್ತದೆ. ನಿಮ್ಮದೂ ಇರಲಿ.