ಚೆಂಡಿನ ಪಕ್ಕ ಇದ್ದವನೇ ಕಳ್ಳನಾ?

ಭಾನುವಾರ ಬೆಳಗಿನ ಜಾವ ನಮ್ಮ ಮನೆಯಲ್ಲಿ ಲೈಟು ಉರಿಯುತ್ತಿದ್ದರೆ ನಮ್ಮ ಡೊಂಬಿವಲಿ ಬಿಲ್ಡಿಂಗಿನವರು ಏನೋ ಪೂಜೆ ಇರಬೇಕು ಅಂದುಕೊಳ್ಳುತ್ತಾರೆ. ಪೂಜೆಯೂ ಇಲ್ಲ, ಹೋಮವೂ ಇಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್! ಅಲ್ಲಿ ಶನಿವಾರ ಮಧ್ಯಾಹ್ನ ಶುರುವಾದ ಆಟ ಇಲ್ಲಿ ನಡುರಾತ್ರಿ ದಾಟಿದ ಮೇಲೆ ಬರುತ್ತದೆ. ತಮ್ಮನ ಮಗ ಜಾರ್ಜಿಯಾ ರಾಜ್ಯದ ಅಥೆನ್ಸ್‌ಗೆ ಓದಲು ಹೋದವನು ಈ ಚಟ ಹತ್ತಿಸಿದ. ಕಬಡ್ಡಿ ಆಡಿ ಬೆಳೆದ ನನಗೆ ಇದು ಬೇಗ ಹಿಡಿಸಿತು. ಹೆಂಡತಿ ಮಾತ್ರ ಇನ್ನೂ ಕ್ಷಮಿಸಿಲ್ಲ.

ಇರಲಿ. ಇವತ್ತು ಹೇಳಹೊರಟಿದ್ದು ಆಟದ ಬಗ್ಗೆ ಅಲ್ಲ, ಆಟ ನೋಡುವ ನಮ್ಮ ಬಗ್ಗೆ. ಎದುರಾಳಿ ತಂಡದವನೊಬ್ಬ ಯಾರ ಕೈಗೂ ಸಿಗದೆ ಓಡಿ ಚೆಂಡು ಹಿಡಿದು ಟಚ್‌ಡೌನ್ ಮಾಡಿದ ಅಂದರೆ ಸಾಕು, ಅಭಿಮಾನಿಗಳ ಪಂಚಾಯಿತಿ ಶುರು. "ಕಾರ್ನರ್‌ನಲ್ಲಿದ್ದವನು ನಿದ್ದೆ ಹೊಡೀತಿದ್ದ." "ಅಲ್ಲ, ಸೇಫ್ಟಿ ಬರಬೇಕಿತ್ತು." "ಅವನನ್ನ ಬೆಂಚಿಗೆ ಕೂರಿಸಿ." "ಬೆಂಚೇನು, ಸ್ಕಾಲರ್‌ಶಿಪ್ಪೇ ಕಿತ್ಕೊಳ್ಳಿ!" ತೀರ್ಪಿಗೆ ಎರಡು ನಿಮಿಷ ಸಾಕು. ಅಪರಾಧಿ ಹತ್ತೊಂಬತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿ. ಸಾಕ್ಷಿ ಏನಪ್ಪಾ ಅಂದರೆ, ಟಿವಿಯಲ್ಲಿ ಚೆಂಡಿನ ಹತ್ತಿರ ಕಾಣಿಸಿದವನು ಅವನೇ!

ನಾನು ಹೇಳುವುದಿಷ್ಟೇ. ಇದು ವಿಮರ್ಶೆ ಅಲ್ಲ, ಅನ್ಯಾಯ. ಅದೂ ಆಟ ಗೊತ್ತಿಲ್ಲದವರ ಅನ್ಯಾಯ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಂದೊಂದು ತಂಡದಲ್ಲಿ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ, ರಿಸೀವರ್‌ಗಳು ಓಡಿ ಹಿಡಿಯುತ್ತಾರೆ. ಅವರನ್ನು ಕಾಯುವವರಲ್ಲಿ ಅಂಚಿನವರು ಕಾರ್ನರ್‌ಬ್ಯಾಕ್, ಎಲ್ಲರಿಗಿಂತ ಹಿಂದೆ ನಿಂತವರು ಸೇಫ್ಟಿ. ಯಾರು ಯಾರನ್ನು, ಯಾವ ಜಾಗವನ್ನು ಕಾಯಬೇಕು ಎಂಬ ಏರ್ಪಾಡಿಗೆ ಕವರೇಜ್ ಅನ್ನುತ್ತಾರೆ. ನಮ್ಮ ಕಬಡ್ಡಿಯಲ್ಲೂ ಕಾರ್ನರ್, ಕವರ್ ಅನ್ನುವ ಜಾಗಗಳೇ ಇವೆಯಲ್ಲ! ಮುಂಬಯಿಯ ಮೈದಾನಗಳಲ್ಲಿ ಮರಾಠಿ ಹುಡುಗರು ಕಾರ್ನರ್‌ಗೆ ಕೋಪರಾರಕ್ಷಕ ಅನ್ನುತ್ತಾರೆ. ರೈಡರ್ ಒಳಗೆ ಬಂದಾಗ ಮೂಲೆಯವನು ಕಾಲು ಹಿಡಿಯುವುದು ಪಕ್ಕದ ಕವರ್ ಅಡ್ಡ ಬರುತ್ತಾನೆ ಎಂಬ ಭರವಸೆಯ ಮೇಲೆ. ಅವನು ಬರದಿದ್ದರೆ? ಮೂಲೆಯವನನ್ನು ರೈಡರ್ ಎಳೆದುಕೊಂಡು ಹೋಗುತ್ತಾನೆ. ಜನಕ್ಕೆ ಕಾಣುವುದು ಎಳೆಸಿಕೊಂಡವನು ಮಾತ್ರ. ಬರಬೇಕಾದವನು ಬರಲಿಲ್ಲ ಎಂಬುದು ಕಣ್ಣಿಗೆ ಕಾಣುವ ವಸ್ತುವೇ ಅಲ್ಲ.

ನಾನೇನು ಸಾಚಾ ಅಲ್ಲ. 2018ರ ಜನವರಿ 8ರಂದು ಅಟ್ಲಾಂಟಾದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯ, ಜಾರ್ಜಿಯಾ ಮತ್ತು ಅಲಬಾಮಾ. ನಮಗೆ ಅದು ಮಂಗಳವಾರ ಬೆಳಿಗ್ಗೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕೂತಿದ್ದೆ. ಮೊದಲರ್ಧದಲ್ಲಿ ಜಾರ್ಜಿಯಾ 13-0 ಮುಂದಿತ್ತು. ಆಮೇಲೆ ಅಲಬಾಮಾದ ಕೋಚ್ ನಿಕ್ ಸೇಬನ್ ಟುವಾ ಟಾಗೊವೈಲೋವಾ ಎಂಬ ಮೊದಲ ವರ್ಷದ ಎಡಗೈ ಹುಡುಗನನ್ನು ಇಳಿಸಿದರು. 20-20 ಸಮ, ಹೆಚ್ಚುವರಿ ಆಟ. ಜಾರ್ಜಿಯಾ 51 ಯಾರ್ಡ್ ದೂರದಿಂದ ಫೀಲ್ಡ್ ಗೋಲ್ ಒದ್ದು 23-20 ಮಾಡಿತು. ಅಲಬಾಮಾದ ಮೊದಲ ಅವಕಾಶದಲ್ಲೇ ಟುವಾನನ್ನು ಕೆಡವಿ 16 ಯಾರ್ಡ್ ಹಿಂದೆ ದೂಡಿದರು. ಎರಡನೇ ಅವಕಾಶ, ಬೇಕಾದದ್ದು 26 ಯಾರ್ಡ್. ಗೆದ್ದೆವು ಅಂತ ನಾನು ಎದ್ದೇ ನಿಂತಿದ್ದೆ. ಮರುಕ್ಷಣ ಟುವಾ ಎಡ ಅಂಚಿಗೆ ಎಸೆದ, ಡೆವೊಂಟಾ ಸ್ಮಿತ್ ಹಿಡಿದ, 41 ಯಾರ್ಡ್ ಟಚ್‌ಡೌನ್. 26-23. ಮುಗಿಯಿತು.

ಸ್ಮಿತ್‌ನ ಹಿಂದೆ ಓಡುತ್ತಿದ್ದ ಕಾರ್ನರ್ ಹುಡುಗನನ್ನು ನಾನು ಬಾಯಿಗೆ ಬಂದಂತೆ ಬೈದೆ. ಫೋನಿನಲ್ಲಿದ್ದ ತಮ್ಮನ ಮಗ, "ದೊಡ್ಡಪ್ಪ, ಅವನದ್ದೇನೂ ತಪ್ಪಿಲ್ಲ, ಅದು ಕವರ್ ಟೂ" ಅಂದ.

ಕವರ್ ಟೂ ಅಂದರೆ ಹಿಂದಿನ ಮೈದಾನವನ್ನು ಇಬ್ಬರು ಸೇಫ್ಟಿಗಳು ಅರ್ಧರ್ಧ ಹಂಚಿಕೊಳ್ಳುವುದು. ಕಾರ್ನರ್ ಮುಂದಿನ ಅಂಚನ್ನು ಕಾಯುತ್ತಾನೆ. ತನ್ನನ್ನು ದಾಟಿ ಓಡಿದವನನ್ನು ಹಿಂದಿನ ಸೇಫ್ಟಿಗೆ ಒಪ್ಪಿಸುತ್ತಾನೆ. ಅಂದು ಟುವಾ ಮೊದಲು ಬೇರೆ ಕಡೆ ಕಣ್ಣು ಹಾಯಿಸಿ ಆ ಸೇಫ್ಟಿಯನ್ನು ಒಳಗೇ ಹಿಡಿದಿಟ್ಟ. ಅವನು ಅಂಚಿಗೆ ತಲುಪುವಷ್ಟರಲ್ಲಿ ಚೆಂಡು ದಾಟಿತ್ತು. ಅಂದರೆ ನಾನು ಬೈದದ್ದು ಏರ್ಪಾಡಿನ ಪ್ರಕಾರ ಆ ಹುಡುಗನನ್ನು ಒಪ್ಪಿಸಿಕೊಟ್ಟವನನ್ನು! ಆ ಇಬ್ಬರ ಹೆಸರು ಗೊತ್ತಿದ್ದೂ ಬರೆಯುತ್ತಿಲ್ಲ. ಸಾಕಷ್ಟು ಜನ ಬರೆದಿದ್ದಾರೆ.

ಸರಿ, ಹಾಗಾದರೆ ಸೇಫ್ಟಿಯದ್ದೇ ಅಪರಾಧವಾ? ತಡ ಮಾಡಿದ, ನಿಜ. ಆದರೆ ಟುವಾನಿಗೆ ಅಷ್ಟು ಆರಾಮಾಗಿ ನೋಡಲು, ಎಸೆಯಲು ಸಮಯ ಕೊಟ್ಟವರು ಯಾರು? 13-0 ಮುನ್ನಡೆಯನ್ನು ಕೈಬಿಟ್ಟವರು ಯಾರು? ಇನ್ನೊಂದು ಮಾತು ಅಭಿಮಾನಿಗಳ ಗಂಟಲಲ್ಲಿ ಇಳಿಯುವುದೇ ಇಲ್ಲ. ಎದುರಾಳಿ ಚೆನ್ನಾಗಿ ಆಡಿದ! ಆ ಸ್ಮಿತ್ 2020ರ ಸಾಲಿಗೆ ಹೈಸ್ಮನ್ ಟ್ರೋಫಿ ಗೆದ್ದ, ಅಂದರೆ ದೇಶದ ಶ್ರೇಷ್ಠ ಕಾಲೇಜು ಆಟಗಾರ ಅನ್ನಿಸಿಕೊಂಡ. ನಮ್ಮವನ ತಪ್ಪು ಹುಡುಕುವುದು ಸುಲಭ, ಎದುರಿನವನ ಪ್ರತಿಭೆಗೆ ತಲೆಬಾಗುವುದು ಕಷ್ಟ.

ಕವರ್ ಟೂ ಹೇಗೋ ಅರ್ಥವಾಗುತ್ತದೆ. ಈಗಿನ ತಂಡಗಳು ಆಡುವುದು ಅದಕ್ಕಿಂತ ಜಟಿಲ. ಸೇಬನ್ 1990ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿ ಬಿಲ್ ಬೆಲಿಚಿಕ್ ಜೊತೆ ಇದ್ದಾಗ ಬೆಳೆಸಿದ ಪ್ಯಾಟರ್ನ್ ಮ್ಯಾಚಿಂಗ್ ಎಂಬ ಪದ್ಧತಿ ಇದೆ. ಶುರುವಿನಲ್ಲಿ ಜಾಗ ಕಾಯುವಂತೆ ನಿಲ್ಲುವುದು, ರಿಸೀವರ್‌ಗಳು ಓಡುವ ದಾರಿ ನೋಡಿಕೊಂಡು ಆಮೇಲೆ ಒಬ್ಬೊಬ್ಬರನ್ನು ಹಿಡಿದುಕೊಳ್ಳುವುದು. ಒಳಗಿನವನು ನೇರ ಓಡಿದರೆ ನೀನು ಅವನನ್ನು ತಗೋ, ಅಡ್ಡ ತಿರುಗಿದರೆ ಬಿಡು, ಪಕ್ಕದವನು ತಗೊಳ್ತಾನೆ. ಇದೆಲ್ಲ ಓಡುತ್ತಾ ಓಡುತ್ತಾ, ಒಂದೆರಡು ಸೆಕೆಂಡಿನಲ್ಲಿ. ಐವರಲ್ಲಿ ಒಬ್ಬ ಬೇರೆ ಓದಿಕೊಂಡರೆ ಇಬ್ಬರು ಒಬ್ಬನ ಹಿಂದೆ, ಇನ್ನೊಬ್ಬನ ಹಿಂದೆ ಯಾರೂ ಇಲ್ಲ! ಅಂಥ ಹೊತ್ತಿನಲ್ಲಿ ತಪ್ಪಿದ್ದು ಯಾರು ಅಂತ ಹೇಳಬೇಕಾದರೆ ಆ ಆಟಕ್ಕೆ ಕೋಚ್ ಕೊಟ್ಟ ಕರೆ ಏನು ಅನ್ನುವುದು ಗೊತ್ತಿರಬೇಕು. ನಿಮಗೆ ಗೊತ್ತಾ? ನನಗಂತೂ ಗೊತ್ತಿಲ್ಲ.

ಟಿವಿ ನೋಡಿ ಗೊತ್ತಾಗುವುದೂ ಇಲ್ಲ. ಮಾಮೂಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಆಟ ಶುರುವಾದಾಗ ಹಿಂದಿರುವ ಸೇಫ್ಟಿಗಳು ಎಷ್ಟೋ ಸಲ ಚೌಕಟ್ಟಿನಲ್ಲೇ ಇರುವುದಿಲ್ಲ. ಎಲ್ಲ 22 ಜನರೂ ಕಾಣುವ ಎತ್ತರದ ಚಿತ್ರ ಕೋಚ್‌ಗಳ ಕೋಣೆಯಲ್ಲಿರುತ್ತದೆ, ನಮ್ಮ ಸೋಫಾದ ಎದುರು ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಘಟನೆಯ ಮೊದಲರ್ಧವನ್ನು ನೋಡದೆ ತೀರ್ಪು ಕೊಡುತ್ತೇವೆ. ಕೋಚ್‌ಗಳು ಮೈಕಿನ ಮುಂದೆ "ತಪ್ಪು ನನ್ನದು" ಅಂತ ಹೇಳುವುದುಂಟು. ಕರೆ ಏನಿತ್ತು, ಯಾರು ಎಲ್ಲಿ ನಿಲ್ಲಬೇಕಿತ್ತು ಎಂದು ಪೂರ್ತಿ ಬಿಚ್ಚಿಡುವುದು ಅಪರೂಪ. ಬಿಚ್ಚಿಟ್ಟರೆ ಮುಂದಿನ ವಾರದ ಎದುರಾಳಿಗೂ ಗೊತ್ತಾಗುತ್ತದಲ್ಲ! ಅವರ ಮೌನಕ್ಕೆ ಕಾರಣ ಇದೆ. ನಮ್ಮ ಮಾತಿಗೆ?

ಈಗ ಬನ್ನಿ, ಇನ್ನೊಂದು ಸಾಕ್ಷಿ. 2021ರ ಡಿಸೆಂಬರ್ 4ರಂದು ಅದೇ ಅಲಬಾಮಾ ಜಾರ್ಜಿಯಾವನ್ನು 41-24ರಿಂದ ಸದೆಬಡಿಯಿತು. ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ 421 ಯಾರ್ಡ್ ಎಸೆದ. ಜಾರ್ಜಿಯಾದ ಹಿಂದಿನ ಸಾಲು ಯಾವುದಕ್ಕೂ ಬಾರದು ಅಂತ ಅಭಿಮಾನಿಗಳು ಷರಾ ಬರೆದರು. ತಮ್ಮನ ಮಗನೂ ಬರೆದ! ಐದು ವಾರ ಕಳೆಯಿತು. 2022ರ ಜನವರಿ 10, ಇಂಡಿಯಾನಾಪೊಲಿಸ್, ಚಾಂಪಿಯನ್‌ಶಿಪ್, ಮತ್ತೆ ಅದೇ ಎದುರಾಳಿ. ಅದೇ ಸಾಲಿನ ಕೀಲಿ ರಿಂಗೊ ಎಂಬ ಕಾರ್ನರ್ ಯಂಗ್ ಎಸೆದ ಚೆಂಡನ್ನು ಕಸಿದು 79 ಯಾರ್ಡ್ ಓಡಿ ಪಂದ್ಯ ಮುಗಿಸಿದ. 33-18. ಅಲಬಾಮಾದ ಒಬ್ಬ ಮುಖ್ಯ ರಿಸೀವರ್ ಮೊದಲೇ ಗಾಯಗೊಂಡು ಹೊರಗಿದ್ದ, ಇನ್ನೊಬ್ಬ ಆ ಪಂದ್ಯದಲ್ಲೇ ಬಿದ್ದ, ಒಪ್ಪುತ್ತೇನೆ. ಆದರೆ ಐದು ವಾರದಲ್ಲಿ ಹುಡುಗರು ಬದಲಾಗಲಿಲ್ಲವಲ್ಲ! ಮುಂದಿನವರ ಒತ್ತಡ ಹೆಚ್ಚಿದಾಗ ಹಿಂದಿನವರು "ಒಳ್ಳೆಯವರು" ಆಗಿಬಿಟ್ಟರು. ಕವರೇಜ್ ಒಬ್ಬನ ಗುಣವಲ್ಲ, ಹನ್ನೊಂದು ಜನರ ಕರಾರು ಅನ್ನುವುದಕ್ಕೆ ಇನ್ನೇನು ಬೇಕು?

ತಪ್ಪೇ ಹುಡುಕಬೇಕು ಅಂತಿದ್ದರೆ ಮೇಲೆ ನೋಡಿ ಸ್ವಾಮಿ. 2023ರ ನವೆಂಬರ್ 25, ಆಬರ್ನ್ ಮತ್ತು ಅಲಬಾಮಾ. ಕೊನೇ ಅವಕಾಶ, ಅಲಬಾಮಾಗೆ ಬೇಕಾದದ್ದು 31 ಯಾರ್ಡ್, ಆಟದಲ್ಲಿ ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಆಬರ್ನ್ ಬರೀ ಇಬ್ಬರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಿತು. ಜೇಲನ್ ಮಿಲ್ರೋಗೆ ಚಹಾ ಕುಡಿಯುವಷ್ಟು ಸಮಯ ಸಿಕ್ಕಿತು. ಮೂಲೆಗೆ ಎಸೆದ, ಐಸೇಯಾ ಬಾಂಡ್ ಹಿಡಿದ, 27-24. ಅಲ್ಲೂ ಚಿತ್ರದಲ್ಲಿ ಕಾಣುವುದು ಬಾಂಡ್ ಪಕ್ಕದ ಕಾರ್ನರ್ ಹುಡುಗ. ಇಬ್ಬರೇ ನುಗ್ಗಲಿ ಅಂತ ಹೇಳಿದವನು ಆ ಹುಡುಗನಾ? ಅದಕ್ಕೂ ಮುಂಚೆ ಪಂಟ್ ಹಿಡಿಯುವಾಗ ಚೆಂಡು ಕೈಜಾರಿ ಅಲಬಾಮಾಗೆ ಆ ಅವಕಾಶವೇ ಸಿಕ್ಕಿತ್ತು. ಅದಕ್ಕೂ ಅವನೇ ಹೊಣೆಯಾ?

ಇಲ್ಲಿ ದುಡ್ಡಿನ ಲೆಕ್ಕವೂ ಬರುತ್ತದೆ. ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್‌ಗೆ 2024ರ ಒಪ್ಪಂದದಲ್ಲಿ ವರ್ಷಕ್ಕೆ 13 ಮಿಲಿಯನ್ ಡಾಲರ್. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿ ಮೀರುತ್ತದೆ. ಆಡುವ ಹುಡುಗರು ತಮ್ಮ ಹೆಸರು, ಮುಖ ಬಳಸಿ ದುಡಿಯಲು ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ. ಕಾಲೇಜುಗಳೇ ನೇರವಾಗಿ ಹಣ ಹಂಚಲು ಶುರುಮಾಡಿದ್ದು 2025ರಲ್ಲಿ. "ಈಗ ದುಡ್ಡು ತಗೋತಾರಲ್ಲ, ಬೈಸಿಕೊಳ್ಳಲಿ" ಎನ್ನುವ ಹೊಸ ವಾದ ಹುಟ್ಟಿದೆ. ಭೇಷ್! ದುಡ್ಡು ಕೊಟ್ಟ ತಕ್ಷಣ ಮಾಡದ ತಪ್ಪೂ ಅವರದಾಗುತ್ತದಾ? ಹೋಟೆಲಿನಲ್ಲಿ ಸಾಂಬಾರು ಉಪ್ಪಾದರೆ ಪ್ಲೇಟು ತಂದ ಹುಡುಗನಿಗೆ ಬೈಯುವ ಗಿರಾಕಿಗಳನ್ನು ಮುಂಬಯಿ ಕನ್ನಡಿಗರಷ್ಟು ಕಂಡವರು ಯಾರೂ ಇಲ್ಲ. ಆ ಹುಡುಗನಿಗೂ ಸಂಬಳ ಬರುತ್ತಿತ್ತಲ್ಲ!

ಜೊತೆಗೆ ಬೆಟ್ಟಿಂಗ್. 2018ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕ್ರೀಡಾ ಬೆಟ್ಟಿಂಗ್ ವಿಷಯವನ್ನು ರಾಜ್ಯಗಳಿಗೆ ಬಿಟ್ಟಮೇಲೆ ಒಂದೊಂದೇ ರಾಜ್ಯ ಬಾಗಿಲು ತೆರೆಯಿತು. ಈಗ ಬೈಯುವವರಲ್ಲಿ ಅಭಿಮಾನಿ ಯಾರು, ದುಡ್ಡು ಕಳಕೊಂಡವನು ಯಾರು ಅಂತ ತಿಳಿಯುವುದೇ ಇಲ್ಲ. ಕಾಲೇಜು ಆಟಗಾರರ ವೈಯಕ್ತಿಕ ಅಂಕಿಅಂಶಗಳ ಮೇಲೆ ಬಾಜಿ ಕಟ್ಟುವುದನ್ನು ನಿಲ್ಲಿಸಿ ಎಂದು 2024ರಲ್ಲಿ ಎನ್‌ಸಿಎಎ ಅಧ್ಯಕ್ಷರೇ ಕೇಳಬೇಕಾಯಿತು.

"ಹಾಗಾದ್ರೆ ನಾವು ಮಾತೇ ಆಡಬಾರ್ದಾ ದೊಡ್ಡಪ್ಪ?" ಅಂತ ತಮ್ಮನ ಮಗ ಕೇಳಿದ. ಆಡಿ ಮಾರಾಯ್ರೇ, ಆಡದಿದ್ದರೆ ಆಟದ ಮಜಾ ಏನು! ಕಣ್ಣಿಗೆ ಕಾಣುವ ತಪ್ಪುಗಳೂ ಇವೆ. 2013ರ ನವೆಂಬರ್ 16ರಂದು ಆಬರ್ನ್‌ನ ಕೊನೇ ಕ್ಷಣದ ಎಸೆತಕ್ಕೆ ಜಾರ್ಜಿಯಾದ ಇಬ್ಬರು ಸೇಫ್ಟಿಗಳು ಒಟ್ಟಿಗೆ ಹಾರಿದರು. ನೆಲಕ್ಕೆ ಬಡಿಯಬೇಕಿದ್ದ ಚೆಂಡು ತಾಗಿ ಪುಟಿದು ರಿಕಾರ್ಡೊ ಲೂಯಿಸ್ ಕೈಗೆ ಹೋಯಿತು, 73 ಯಾರ್ಡ್, 43-38. ಬಡಿದು ಬೀಳಿಸಬೇಕಿತ್ತು ಅನ್ನಿ, ತಪ್ಪೇನಿಲ್ಲ. "ಆ ನಿರ್ಧಾರ ತಪ್ಪಾಯಿತು" ಅನ್ನುವುದು ಒಂದು, "ಇವನಿಂದಲೇ ಸೋತೆವು" ಅನ್ನುವುದು ಇನ್ನೊಂದು. ಮೊದಲನೆಯದು ಆಟದ ಮಾತು. ಎರಡನೆಯದು ಹುಡುಗನ ಹಣೆಗೆ ಹಚ್ಚುವ ಮಸಿ.

ಆ ಮಸಿ ನನಗೆ ಗೊತ್ತು. 1983, ನನಗೂ ಹತ್ತೊಂಬತ್ತು. ಹಗಲು ಕೆಲಸ, ರಾತ್ರಿ ಶಾಲೆ, ಭಾನುವಾರ ಪರೇಲ್ ಕಡೆಯ ಒಂದು ಮಂಡಳದ ಕಬಡ್ಡಿ ತಂಡದಲ್ಲಿ ಎಡ ಕಾರ್ನರ್. ಸೆಮಿಫೈನಲ್, ಒಂದೇ ಪಾಯಿಂಟ್ ಮುಂದಿದ್ದೆವು, ಕೊನೆಯ ರೈಡ್. ಸಂಜ್ಞೆ ಪ್ರಕಾರ ನಾನು ಕಾಲಿಗೆ ಬಿದ್ದೆ. ಕವರ್ ಬರಲಿಲ್ಲ. ಕ್ಯಾಪ್ಟನ್ ಕೊನೇ ಗಳಿಗೆಯಲ್ಲಿ ಸಂಜ್ಞೆ ಬದಲಿಸಿ ಅವನ ಕಿವಿಯಲ್ಲಿ ಹೇಳಿದ್ದ, ನನಗೆ ಹೇಳಿರಲಿಲ್ಲ. ರೈಡರ್ ನನ್ನನ್ನು ಗೋಣಿಚೀಲದ ಹಾಗೆ ಎಳೆದುಕೊಂಡು ಗೆರೆ ಮುಟ್ಟಿದ. ಪಕ್ಕದಲ್ಲಿ ನಾನು ತಡವಾಗಿ ಹಿಡಿದಿದ್ದ ಇನ್ನೊಬ್ಬನೂ ಔಟು. ಸೋತೆವು. "ಮದ್ರಾಸಿ ಕೈ ಬಿಟ್ಟ" ಅಂತ ಮೈದಾನದ ಸುತ್ತ ಕೂಗು. ನಾನು ಮದ್ರಾಸಿ ಅಲ್ಲ, ಕೈಯೂ ಬಿಟ್ಟಿರಲಿಲ್ಲ, ಎರಡು ಮೊಣಕೈ ಸುಲಿದಿತ್ತು. ಕ್ಯಾಪ್ಟನ್‌ಗೆ ನಿಜ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಮುಂದಿನ ಭಾನುವಾರದಿಂದ ನಾನು ಆ ಮೈದಾನಕ್ಕೆ ಹೋಗಲಿಲ್ಲ.

ಅಲ್ಲಿದ್ದವರು ಇನ್ನೂರು ಮುನ್ನೂರು ಜನ. ಕಾಲೇಜು ಫುಟ್‌ಬಾಲಿನ ಹುಡುಗನ ಸುತ್ತ ಮೈದಾನದಲ್ಲೇ ಎಂಬತ್ತು ತೊಂಬತ್ತು ಸಾವಿರ, ಟಿವಿ ಮುಂದೆ ಕೋಟಿಗಟ್ಟಲೆ. ಅವನು ಹೋಗುವುದೆಲ್ಲಿಗೆ? ಸೋಮವಾರ ಅದೇ ಕ್ಯಾಂಪಸ್ಸಿನಲ್ಲಿ ಕ್ಲಾಸಿಗೆ ಕೂರಬೇಕು.

ಮುಂದಿನ ಸಲ ಒಬ್ಬ ರಿಸೀವರ್ ಒಂಟಿಯಾಗಿ ಓಡಿಹೋದಾಗ ಬೈಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಕರೆ ಏನಿತ್ತು? ಗೊತ್ತಿಲ್ಲದಿದ್ದರೆ ಟಿವಿಗೆ ಬೈಯಿರಿ, ಸೋಫಾಗೆ ಗುದ್ದಿ, ನನ್ನ ಹಾಗೆ ಹೆಂಡತಿಯಿಂದ ಬೈಸಿಕೊಳ್ಳಿ. ಹುಡುಗನ ಹೆಸರು ಮಾತ್ರ ಎತ್ತಬೇಡಿ.

ಏನಂತೀರಿ?