ಎದುರುಬದುರು ಡಿಕ್ಕಿ: 60ಕ್ಕೆ 60 ಸೇರಿದರೆ 120 ಆಗುತ್ತದೆಯೇ?

'ಎರಡು ಕಾರುಗಳು ತಲಾ 60 ಕಿ.ಮೀ. ವೇಗದಲ್ಲಿ ಎದುರುಬದುರು ಡಿಕ್ಕಿ ಹೊಡೆದರೆ, ಅದು 120 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದಂತೆ.' ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಫಾರ್ವರ್ಡ್ ಆಗುವ ಸಂದೇಶಗಳಲ್ಲಿ ಈ ಮಾತು ಆಗಾಗ ಕಾಣಿಸುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ತಪ್ಪು. ತಪ್ಪು ಎಲ್ಲಿದೆ ಎಂದು ಕಂಡುಹಿಡಿಯಲು ದೊಡ್ಡ ಎಂಜಿನಿಯರಿಂಗ್ ಬೇಕಿಲ್ಲ. ಪ್ರಥಮ ಪಿಯುಸಿಯಲ್ಲಿ ಓದುವ ಚಲನೆ, ಬಲ, ಶಕ್ತಿ ಮತ್ತು ಸಂವೇಗದ ಪಾಠಗಳೇ ಸಾಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಆ ಸೂತ್ರಗಳನ್ನು ಒಮ್ಮೆ ರಸ್ತೆಗೆ ಇಳಿಸಿ ನೋಡೋಣ.

60 ಕಿ.ಮೀ. ವೇಗದಲ್ಲಿ ಗಟ್ಟಿ ಗೋಡೆಗೆ ಗುದ್ದಿದ ಕಾರು 60ರಿಂದ ಸೊನ್ನೆಗೆ ಬರುತ್ತದೆ. ಈಗ ಒಂದೇ ಮಾದರಿಯ, ಒಂದೇ ತೂಕದ ಎರಡು ಕಾರುಗಳು ತಲಾ 60ರಲ್ಲಿ ಮುಖಾಮುಖಿಯಾದವು ಎನ್ನಿ. ಎರಡರ ಸಂವೇಗವೂ ಸಮ, ದಿಕ್ಕು ವಿರುದ್ಧ, ಒಟ್ಟು ಸೊನ್ನೆ. ಆದ್ದರಿಂದ ಎರಡೂ ಡಿಕ್ಕಿಯಾದ ಜಾಗದಲ್ಲೇ ನಿಲ್ಲುತ್ತವೆ. ಅಂದರೆ ಪ್ರತಿ ಕಾರೂ 60ರಿಂದ ಸೊನ್ನೆಗೇ ಬಂದಿತು. ನಡುವೆ ಒಂದು ತೆಳು ಪರದೆ ಇಳಿಬಿಟ್ಟಿದ್ದರೆ ಅದು ಅತ್ತಲೂ ಸರಿಯುತ್ತಿರಲಿಲ್ಲ, ಇತ್ತಲೂ ಸರಿಯುತ್ತಿರಲಿಲ್ಲ. ಒಳಗೆ ಕುಳಿತವರ ಪಾಲಿಗೆ ಆ ಪರದೆಯೇ ಗೋಡೆ.

ಒಟ್ಟು ಶಕ್ತಿ ಎರಡರಷ್ಟು ಇರುವುದು ನಿಜ, ಆದರೆ ಅದನ್ನು ಹಂಚಿಕೊಂಡು ನಜ್ಜುಗುಜ್ಜಾಗಲು ಎರಡು ಕಾರುಗಳಿವೆ. 120ರಲ್ಲಿ ಗೋಡೆಗೆ ಗುದ್ದಿದರೆ ಕಥೆಯೇ ಬೇರೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಒಂದೇ ಕಾರು ನಾಲ್ಕು ಪಟ್ಟು ಶಕ್ತಿಯನ್ನು ನುಂಗಬೇಕಾಗುತ್ತದೆ.

ಈ ತಪ್ಪು ಮಾಡಿದವರು ಫಾರ್ವರ್ಡ್ ಬರೆಯುವವರಷ್ಟೇ ಅಲ್ಲ. ಡಿಸ್ಕವರಿ ಚಾನೆಲ್‌ನ 'ಮಿತ್‌ಬಸ್ಟರ್ಸ್' ಕಾರ್ಯಕ್ರಮದಲ್ಲೂ ಇದೇ ಮಾತು ಬಂದಿತ್ತು. ವೀಕ್ಷಕರು ಆಕ್ಷೇಪ ಎತ್ತಿದ ಮೇಲೆ 2010ರಲ್ಲಿ ಅವರು ನಿಜವಾದ ಕಾರುಗಳನ್ನೇ ಗುದ್ದಿಸಿ ನೋಡಿದರು. ಗೆದ್ದದ್ದು ಪಠ್ಯಪುಸ್ತಕ.

ಎದುರಿಗೆ ಬರುವುದು ಲಾರಿಯಾದರೆ?

ಫಾರ್ವರ್ಡ್ ತಪ್ಪು ಎಂದ ಮಾತ್ರಕ್ಕೆ ನಿರಾಳವಾಗಬೇಡಿ. ಮೇಲಿನ ಲೆಕ್ಕ ನಿಂತಿರುವುದು 'ಒಂದೇ ತೂಕ' ಎಂಬ ಷರತ್ತಿನ ಮೇಲೆ. 1,000 ಕೆ.ಜಿ.ಯ ಕಾರಿಗೆ 15,000 ಕೆ.ಜಿ.ಯ ಲಾರಿ ಎದುರಾಗಲಿ, ಎರಡರದ್ದೂ 60 ಕಿ.ಮೀ. ವೇಗ, ಗುದ್ದಿದ ಮೇಲೆ ಎರಡೂ ಅಂಟಿಕೊಂಡು ಸಾಗಲಿ. 15,000 × 60ರಿಂದ 1,000 × 60 ಕಳೆದು, ಒಟ್ಟು ತೂಕ 16,000ದಿಂದ ಭಾಗಿಸಿ. ಉತ್ತರ 52.5. ಲಾರಿ ತನ್ನ ದಿಕ್ಕಿನಲ್ಲೇ 52.5 ಕಿ.ಮೀ. ವೇಗದಲ್ಲಿ ಮುಂದುವರಿಯುತ್ತದೆ, ಕಾರನ್ನು ಹಿಂದಕ್ಕೆ ತಳ್ಳಿಕೊಂಡು. ಲಾರಿಯ ವೇಗದಲ್ಲಾದ ಬದಲಾವಣೆ 7.5, ಕಾರಿನದ್ದು 112.5! ಫಾರ್ವರ್ಡ್ ಹೇಳಿದ 120ಕ್ಕೆ ಹತ್ತಿರವೇ ಬಂದೆವು, ಆದರೆ ಬೇರೆ ದಾರಿಯಿಂದ.

'ಲಾರಿ ಜೋರಾಗಿ ಹೊಡೆಯಿತು, ಕಾರು ಮೆಲ್ಲಗೆ ಹೊಡೆಯಿತು' ಎಂದು ಇಲ್ಲಿ ಅನೇಕರು ತಿಳಿಯುತ್ತಾರೆ. ಹಾಗಲ್ಲ. ನ್ಯೂಟನ್ನನ ಮೂರನೇ ನಿಯಮದಂತೆ ಎರಡರ ಮೇಲೂ ಬಿದ್ದ ಬಲ ಸಮಾನ. ಅದೇ ಬಲ ಹದಿನೈದು ಪಟ್ಟು ಹಗುರವಾದ ಕಾರಿನ ವೇಗವನ್ನು ಹದಿನೈದು ಪಟ್ಟು ಹೆಚ್ಚು ಬದಲಿಸುತ್ತದೆ, ಅಷ್ಟೇ.

ಹತ್ತು ಕಿಲೋಮೀಟರ್ ಹೆಚ್ಚಾದರೆ ಏನಾಯಿತು?

ನಮಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಲೆಕ್ಕ ಇದು. ಒಂದು ಕಾರು 50ರಲ್ಲಿ, ಪಕ್ಕದಲ್ಲೇ ಇನ್ನೊಂದು 60ರಲ್ಲಿ ಹೋಗುತ್ತಿವೆ. ಮುಂದೆ ಒಂದು ಮಗು ರಸ್ತೆಗೆ ಓಡಿಬರುತ್ತದೆ. ಇಬ್ಬರು ಚಾಲಕರಿಗೂ ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಎನ್ನೋಣ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ವೇಗ ಪ್ರತಿ ಸೆಕೆಂಡಿಗೆ ಸುಮಾರು 7 ಮೀಟರ್/ಸೆಕೆಂಡ್‌ನಂತೆ ಇಳಿಯಲಿ.

50 ಕಿ.ಮೀ. ಎಂದರೆ ಸೆಕೆಂಡಿಗೆ 13.9 ಮೀಟರ್. ಯೋಚಿಸುವಷ್ಟರಲ್ಲೇ ಅಷ್ಟು ದೂರ ಹೋಯಿತು, ಬ್ರೇಕ್ ಹಿಡಿದ ಮೇಲೆ ಇನ್ನೊಂದು 13.8 ಮೀಟರ್. ಒಟ್ಟು 27.7 ಮೀಟರ್‌ಗೆ ಕಾರು ನಿಂತಿತು. ಮಗು 28 ಮೀಟರ್ ದೂರದಲ್ಲಿದ್ದರೆ ಬದುಕಿತು.

60ರ ಕಾರು ಯೋಚಿಸುವಷ್ಟರಲ್ಲೇ 16.7 ಮೀಟರ್ ದಾಟಿದೆ. ಮೊದಲ ಕಾರು ನಿಂತ ಜಾಗಕ್ಕೆ ಉಳಿದಿರುವುದು 11 ಮೀಟರ್ ಮಾತ್ರ. ವೇಗದ ವರ್ಗದಿಂದ (278) ಬ್ರೇಕ್ ಕಳೆದ ಪಾಲನ್ನು (2 × 7 × 11 = 154) ತೆಗೆದರೆ 124, ಅದರ ವರ್ಗಮೂಲ ಸುಮಾರು 11.1 ಮೀಟರ್/ಸೆಕೆಂಡ್. ಅಂದರೆ ಗಂಟೆಗೆ 40 ಕಿ.ಮೀ.! ಮೊದಲ ಕಾರು ಪೂರ್ತಿ ನಿಂತಿರುವ ಜಾಗದಲ್ಲಿ ಎರಡನೆಯದು ಇನ್ನೂ 40ರಲ್ಲಿ ನುಗ್ಗುತ್ತಿರುತ್ತದೆ. 'ಬರೀ ಹತ್ತು ಜಾಸ್ತಿ' ಎನ್ನುವವರಿಗೆ ಈ ಲೆಕ್ಕವನ್ನೇ ಫಾರ್ವರ್ಡ್ ಮಾಡಿ. ನಂಬಿಕೆಯಾಗದಿದ್ದರೆ ಕಾಗದ ಪೆನ್ನು ಹಿಡಿದು ಅವರೇ ಮಾಡಿ ನೋಡಲಿ. ಮಳೆಯ ರಸ್ತೆಗಾದರೆ 7ರ ಬದಲು 4 ಹಾಕಿಕೊಳ್ಳಿ.

ಮಡಿಲಲ್ಲಿ ಮಗು

'ಮಗುವನ್ನು ತಾಯಿ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು' ಎಂಬುದು ನಮ್ಮಲ್ಲಿ ಬಹಳ ಆಳಕ್ಕಿಳಿದ ನಂಬಿಕೆ. 10 ಕೆ.ಜಿ. ತೂಕದ ಮಗು, ಕಾರಿನ ವೇಗ 50. ಮುಂಭಾಗ ಅರ್ಧ ಮೀಟರ್ ಕುಗ್ಗಿ ಕಾರು ನಿಂತಿತು ಎನ್ನಿ. 13.9ರ ವರ್ಗವನ್ನು ಆ ದೂರದ ಎರಡರಷ್ಟರಿಂದ ಭಾಗಿಸಿದರೆ 193, ಅಂದರೆ ಗುರುತ್ವದ ಸುಮಾರು 20 ಪಟ್ಟು. ಮಗು ಕಾರಿನ ಜೊತೆಗೇ ನಿಲ್ಲಬೇಕಾದರೆ ತಾಯಿಯ ಕೈಗಳು ಸುಮಾರು 200 ಕೆ.ಜಿ. ಭಾರವನ್ನು ತಡೆಯಬೇಕು. 50 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆಗಳು, ಅದೂ ಸೆಕೆಂಡಿನ ಹದಿನಾಲ್ಕನೇ ಒಂದು ಭಾಗದಲ್ಲಿ, ಎಚ್ಚರಿಕೆಯೇ ಇಲ್ಲದೆ. ಪ್ರೀತಿಯ ಪ್ರಶ್ನೆಯಲ್ಲ ಇದು, ಯಾವ ಪೈಲ್ವಾನನಿಂದಲೂ ಆಗದು. ಒಂದೇ ಬೆಲ್ಟ್ ಅನ್ನು ಇಬ್ಬರಿಗೂ ಸುತ್ತಿಕೊಳ್ಳುವುದು ಇನ್ನೂ ಅಪಾಯ: ದೊಡ್ಡವರ ದೇಹವೇ ಮಗುವನ್ನು ಬೆಲ್ಟಿಗೆ ಒತ್ತಿ ಜಜ್ಜುತ್ತದೆ. ಮಗುವಿನ ಅಳತೆಗೆ ತಕ್ಕ ಪ್ರತ್ಯೇಕ ಸೀಟು ಇರುವುದು ಇದಕ್ಕಾಗಿಯೇ.

ಕುಗ್ಗುವ ಆ ಅರ್ಧ ಮೀಟರ್ ಇದೆಯಲ್ಲ, 'ಹಳೆಯ ಕಾರು ಕಬ್ಬಿಣ, ಹೊಸ ಕಾರು ಕಾಗದ' ಎಂಬ ಮಾತಿಗೆ ಉತ್ತರವೂ ಅಲ್ಲೇ ಇದೆ. ಕುಗ್ಗುವ ದೂರ ಅರ್ಧವಾದರೆ ಬಲ ಎರಡರಷ್ಟು. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯೊಂದು 1959ರ ಷೆವರ್ಲೆ ಬೆಲ್ ಏರ್ ಕಾರನ್ನು 2009ರ ಷೆವರ್ಲೆ ಮಾಲಿಬುಗೆ ಎದುರಿನಿಂದ ಗುದ್ದಿಸಿತು. ಹಳೆಯ ಕಾರಿನಲ್ಲಿ ಚಾಲಕನ ಜಾಗವೇ ಕುಸಿಯಿತು. ಹೊಸದರಲ್ಲಿ ಮೂತಿ ಮುದ್ದೆಯಾಯಿತು, ಕ್ಯಾಬಿನ್ ಉಳಿಯಿತು. ಮುಂದೆ ದಪ್ಪ ಬುಲ್ ಬಾರ್ ಹಾಕಿಸಿಕೊಳ್ಳುವವರು ಕುಗ್ಗಬೇಕಾದ ಭಾಗಕ್ಕೇ ಅಡ್ಡ ಕಟ್ಟುತ್ತಿದ್ದಾರೆ.

ಕೊನೆಗೊಂದು ಲೆಕ್ಕ ನಿಮಗೆ. ಸವಾರ ಸೇರಿ 200 ಕೆ.ಜಿ.ಯ ಬೈಕ್ 50 ಕಿ.ಮೀ. ವೇಗದಲ್ಲಿ ಓವರ್‌ಟೇಕ್ ಮಾಡುತ್ತಿದೆ, ಎದುರಿಗೆ 10,000 ಕೆ.ಜಿ.ಯ ಬಸ್ 40ರಲ್ಲಿ ಬರುತ್ತಿದೆ. ಎರಡೂ ಅಂಟಿಕೊಂಡವು ಎಂದುಕೊಂಡು ಯಾರ ವೇಗ ಎಷ್ಟು ಬದಲಾಯಿತು ಹೇಳಿ. ಉತ್ತರ: ಬಸ್ಸಿನದ್ದು 1.8 ಕಿ.ಮೀ., ಬೈಕಿನದ್ದು 88.2.